ನಿಮಗಿದು ಗೊತ್ತೆ? ಮಲಪ್ರಭೆಯ ತವರಲ್ಲಿ ಮಂಗಟ್ಟೆ

ಎಂ.ಕೆ. ಹುಬ್ಬಳ್ಳಿ ಹಾದು, ಸವದತ್ತಿಯ ನವಿಲುತೀರ್ಥ ಜಲಾಶಯ ತುಂಬಿಸಿ, ರಾಮದುರ್ಗದತ್ತ ಹರಿಯುವ ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯ ಮಳೆಕಾಡಿನಲ್ಲಿ.

● ಈ ಸೀಮೆಯ ಭೀಮಗಡ ವನ್ಯಜೀವಿಧಾಮ ಘೋಷಣೆಯಾದದ್ದು 2011ರಲ್ಲಿ. ವಿಸ್ತೀರ್ಣ ಸುಮಾರು 190 ಚದರ ಕಿ.ಮೀ.

● ಇಲ್ಲಿಯ ವಿಶೇಷ ಮಂಗಟ್ಟೆ ಹಕ್ಕಿ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಮರದ ಪೊಟರೆ ಹೊಕ್ಕು, ತನ್ನ ಹಿಕ್ಕೆ, ಹಣ್ಣಿನ ತಿರುಳಿನಿಂದ ಅದರ ಬಾಯಿ ಮುಚ್ಚಿಕೊಳ್ಳುತ್ತದೆ. ಉಳಿದ ಸಣ್ಣ ಸೀಳಿನಿಂದಲೇ ಗಂಡು ವಾರಗಟ್ಟಲೆ ಅತ್ತಿ, ಆಲದ ಹಣ್ಣು ಉಣಿಸುತ್ತದೆ.

● ನುಂಗಿದ ಹಣ್ಣಿನ ಬೀಜ ದೂರ ದೂರ ಉದುರಿಸಿ ಕಾಡು ಬೆಳೆಸುವುದೂ ಮಂಗಟ್ಟೆಯೇ.

● ಕಿತ್ತೂರು, ಬೈಲಹೊಂಗಲದಿಂದ ಒಂದೇ ದಿನದಲ್ಲಿ ಹೋಗಿಬರಬಹುದು. ನಸುಕಿನಲ್ಲೇ ಹೊರಡಿ, ಹಣ್ಣು ಬಿಟ್ಟ ಮರದ ಬಳಿ ಸದ್ದಿಲ್ಲದೆ ಕಾಯಿರಿ. ಕಾಡೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಗೂಡಿನ ಹತ್ತಿರ ಸುಳಿಯಬೇಡಿ: ಗಂಡು ಹೆದರಿ ದೂರವಾದರೆ ಒಳಗಿನ ತಾಯಿ-ಮರಿಗಳಿಗೆ ಉಪವಾಸ.