ಹಳೆಯ ಗಿಟಾರ್ ಕೊಳ್ಳುವ ಮುನ್ನ, ಕೊಂಡ ಮೇಲೆ

ಸ್ಪೇನಿನ ಆಂಟೋನಿಯೊ ದೆ ತೊರ್ರೆಸ್ 1862ರಲ್ಲಿ ಒಂದು ವಿಚಿತ್ರ ಗಿಟಾರ್ ಮಾಡಿದರು. ಅದರ ಬೆನ್ನು ಮತ್ತು ಪಕ್ಕಗಳು ಮರದವಲ್ಲ, ಕಾಗದದ ರಟ್ಟಿನವು. ಮೇಲ್ಹಲಗೆ ಮಾತ್ರ ಎಂದಿನಂತೆ ತೆಳ್ಳನೆಯ ಸ್ಪ್ರೂಸ್ ಮರದ್ದು. ಗಿಟಾರಿನ ನಾದದಲ್ಲಿ ಮೇಲ್ಹಲಗೆಯದೇ ಮುಖ್ಯ ಪಾತ್ರ ಎಂದು ತೋರಿಸಲು ಅವರು ಹೂಡಿದ ಪ್ರಯೋಗ ಅದು. ಆ ವಾದ್ಯ ಈಗ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಬಳಸಿದ ಹಳೆಯ ಕ್ಲಾಸಿಕಲ್ ಗಿಟಾರ್ ಕೊಳ್ಳಲು ಹೊರಟವರು ಈ ರಟ್ಟಿನ ಗಿಟಾರನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಏಕೆಂದರೆ ಮಾರುವವರು ಹೊಗಳುವುದು ಬೆನ್ನಿನ ಮರದ ಬಣ್ಣವನ್ನು, ಒಳಗೆ ಅಂಟಿಸಿದ ಚೀಟಿಯನ್ನು, ವಾದ್ಯದ ವಯಸ್ಸನ್ನು.

ವಯಸ್ಸನ್ನೇ ಮೊದಲು ನೋಡೋಣ. ಪಿಟೀಲು ಹಳತಾದಷ್ಟೂ ಬೆಲೆ ಏರುವುದನ್ನು ಕಂಡವರು ಗಿಟಾರಿಗೂ ಅದೇ ಲೆಕ್ಕ ಹಿಡಿಯುತ್ತಾರೆ. ಆದರೆ ಗಿಟಾರಿನ ಮೇಲ್ಹಲಗೆ ಹೆಚ್ಚುಕಡಿಮೆ ಚಪ್ಪಟೆ. ದಪ್ಪ ಎರಡು, ಎರಡೂವರೆ ಮಿಲಿಮೀಟರ್ ಅಷ್ಟೆ. ಆರು ನೈಲಾನ್ ತಂತಿಗಳು ಸುಮಾರು 40 ಕಿಲೋ ಭಾರದಷ್ಟು ಬಲದಿಂದ ಅದರ ಮೇಲಿನ ಬ್ರಿಜ್ಜನ್ನು ಹಗಲೂ ರಾತ್ರಿ ಎಳೆಯುತ್ತಿರುತ್ತವೆ. ಆ ಎಳೆತವನ್ನು ತಾಳಿಕೊಳ್ಳಲು ಒಳಬದಿಯಲ್ಲಿ ಬೀಸಣಿಗೆಯಂತೆ ಹರಡಿದ ಸಣ್ಣ ಪಟ್ಟಿಗಳಿವೆ. ಪಟ್ಟಿಗಳು ಗಟ್ಟಿಯಾದರೆ ಬಾಳಿಕೆ ಹೆಚ್ಚು, ನಾದ ಕಡಿಮೆ. ತೆಳುವಾದರೆ ನಾದ ಹೆಚ್ಚು, ಬಾಳಿಕೆ ಕಡಿಮೆ. ಹಾಗಾಗಿ ಹಳೆಯ ಗಿಟಾರ್ ಎಂದರೆ ದಶಕಗಳಿಂದ ಸ್ವಲ್ಪ ಸ್ವಲ್ಪವೇ ಮಣಿಯುತ್ತ ಬಂದ ಮರ. ಎಷ್ಟು ಮಣಿದಿದೆ, ಮಣಿಯುವುದು ನಿಂತಿದೆಯೇ ಎಂದು ತಿಳಿದುಕೊಳ್ಳುವುದೇ ಕೊಳ್ಳುವವರ ಕೆಲಸ. ಹೆಸರಾಂತ ಗಿಟಾರ್ ವಾದಕ ಆಂದ್ರೆಸ್ ಸೆಗೋವಿಯಾ ಕೂಡ ಒಂದೇ ಗಿಟಾರಿಗೆ ಅಂಟಿಕೊಂಡು ಕೂರಲಿಲ್ಲ. 1912ರ ರಮಿರೆಸ್ ಗಿಟಾರನ್ನು 1937ರವರೆಗೆ ನುಡಿಸಿ, ಜರ್ಮನಿಯ ಹರ್ಮನ್ ಹೌಸರ್ ಮಾಡಿಕೊಟ್ಟದ್ದಕ್ಕೆ ಬದಲಾದರು. ಸುಮಾರು 25 ವರ್ಷಗಳ ನಂತರ ಅದನ್ನೂ ಬಿಟ್ಟು ಬೇರೆಯವನ್ನು ಹಿಡಿದರು. ಆ ಎರಡೂ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿವೆ.

ಅಂಗಡಿಯಲ್ಲಿ ನುಡಿಸುವ ಮೊದಲು ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಬುಡದ ಕಡೆಯಿಂದ ಮೇಲ್ಹಲಗೆಯನ್ನು ಓರೆಯಾಗಿ ನೋಡಿ. ಬ್ರಿಜ್ಜಿನ ಹಿಂದೆ ತುಸು ಉಬ್ಬಿದ್ದರೆ ಭಯವಿಲ್ಲ. ಬ್ರಿಜ್ಜಿನ ಮುಂದೆ, ನಾದರಂಧ್ರದ ಕಡೆ ಹಲಗೆ ಕುಸಿದು, ಬ್ರಿಜ್ಜೇ ಮುಂದಕ್ಕೆ ವಾಲಿದ್ದರೆ ಕೈಬಿಡಿ. ಹೆಚ್ಚಿನ ಸಲ ಇದರ ಹಿಂದೆ ಒಂದೇ ಕಾರಣವಿರುತ್ತದೆ: ಯಾರೋ ಉಕ್ಕಿನ ತಂತಿ ಹಾಕಿದ್ದರು. ಉಕ್ಕಿನ ತಂತಿಗಳ ಎಳೆತ ನೈಲಾನಿನದಕ್ಕಿಂತ ಬಹಳ ಜಾಸ್ತಿ. ನಮ್ಮಲ್ಲಿ ಗಿಟಾರ್ ಎಂದರೆ ಎಲ್ಲ ಒಂದೇ ಎಂದುಕೊಂಡು ಕೈಗೆ ಸಿಕ್ಕ ತಂತಿ ಬಿಗಿಯುವವರಿಗೆ ಬರವಿಲ್ಲ. ಆಮೇಲೆ ಬೆರಳಿನ ಗೆಣ್ಣಿನಿಂದ ಹಲಗೆಯ ಉದ್ದಕ್ಕೂ ಮೆಲ್ಲಗೆ ತಟ್ಟಿ ನೋಡಿ. ಎಲ್ಲಾದರೂ ಗರಗರ ಎಂದರೆ ಒಳಗಿನ ಪಟ್ಟಿಯೊಂದು ಅಂಟು ಬಿಟ್ಟಿದೆ. ಇದು ದೊಡ್ಡ ರೋಗವಲ್ಲ. ಹಳೆಯ ವಾದ್ಯಗಳಲ್ಲಿ ಬಳಸುತ್ತಿದ್ದ ಚರ್ಮದ ಅಂಟು ಬಿಸಿಗೆ, ತೇವಕ್ಕೆ ಬಿಟ್ಟುಕೊಡುತ್ತದೆ. ಬಿಚ್ಚಿ ಮತ್ತೆ ಕೂಡಿಸಬಹುದು. ಯಾರಾದರೂ ಎಪಾಕ್ಸಿ ಸುರಿದು ರಿಪೇರಿ ಮಾಡಿದ್ದರೆ ಮಾತ್ರ ಮುಂದಿನವರ ಕೈ ಕಟ್ಟಿದಂತೆ. ಸೀಳುಗಳ ವಿಷಯವೂ ಹೀಗೆಯೇ. ಎರಡೂ ಅಂಚು ಸಮವಾಗಿ ಕೂಡಿ, ಒಳಗಡೆ ಸಣ್ಣ ತುಂಡುಗಳ ಆಸರೆ ಕೊಟ್ಟಿದ್ದರೆ ಅದು ಬೆಲೆ ಇಳಿಸಲು ಒಳ್ಳೆಯ ನೆಪ, ಅಷ್ಟೆ.

ನಿಜವಾಗಿ ದುಡ್ಡು ತಿನ್ನುವುದು ಕುತ್ತಿಗೆ. ಸ್ಪೇನಿನ ಪದ್ಧತಿಯಲ್ಲಿ ಕುತ್ತಿಗೆಯನ್ನೂ ಒಡಲನ್ನೂ ಒಟ್ಟಿಗೇ ಕಟ್ಟುತ್ತಾರೆ. ಪಕ್ಕದ ಹಲಗೆಗಳು ಕುತ್ತಿಗೆಯ ಬುಡದಲ್ಲಿ ಕೊರೆದ ಕಚ್ಚುಗಳೊಳಗೆ ಕೂರುತ್ತವೆ. ಕೋನ ತಪ್ಪಿದರೆ ಕುತ್ತಿಗೆಯನ್ನು ಕಳಚಿ ಕೂಡಿಸುವುದು ಸುಲಭವಲ್ಲ. ಹಳೆಯವುಗಳಲ್ಲಿ ಸಾಮಾನ್ಯವಾಗಿ ಬಾಗು ಸರಿಪಡಿಸುವ ಕಬ್ಬಿಣದ ಸರಳೂ ಇರುವುದಿಲ್ಲ. ಅದಕ್ಕೇ ಒಂದು ಸಣ್ಣ ಅಳತೆಪಟ್ಟಿ ಜೇಬಿನಲ್ಲಿರಲಿ. ಹನ್ನೆರಡನೆಯ ಫ್ರೆಟ್ಟಿನ ಮೇಲೆ ತಂತಿಯ ಎತ್ತರ ಒಂದನೆಯ ತಂತಿಗೆ ಸುಮಾರು 3, ಆರನೆಯದಕ್ಕೆ ಸುಮಾರು 4 ಮಿಲಿಮೀಟರ್ ಇದ್ದರೆ ಬೆರಳಿಗೆ ಹಿತ. ಜಾಸ್ತಿಯಿದ್ದರೆ ಬ್ರಿಜ್ಜಿನ ಮೇಲಿನ ಮೂಳೆಯ ಪಟ್ಟಿಯನ್ನು ಉಜ್ಜಿ ಇಳಿಸಬಹುದು. ಆದರೆ ಹನ್ನೆರಡನೆಯ ಫ್ರೆಟ್ ತಂತಿಯ ನಟ್ಟನಡುವೆ ಇರುವುದರಿಂದ, ಅಲ್ಲಿ 1 ಮಿಲಿಮೀಟರ್ ಇಳಿಯಬೇಕೆಂದರೆ ಮೂಳೆಯಲ್ಲಿ 2 ಮಿಲಿಮೀಟರ್ ಸವೆಸಬೇಕು. ಮೂಳೆ ಆಗಲೇ ಬ್ರಿಜ್ಜಿನ ಮಟ್ಟಕ್ಕೆ ಇಳಿದಿದ್ದು ತಂತಿ ಇನ್ನೂ ಎತ್ತರದಲ್ಲಿದ್ದರೆ, ಹಿಂದಿನ ಮಾಲೀಕರು ಇದ್ದಬದ್ದ ಉಪಾಯವನ್ನೆಲ್ಲ ಮುಗಿಸಿ ಮಾರುತ್ತಿದ್ದಾರೆ ಎಂದರ್ಥ.

ಇನ್ನು ಬೆನ್ನಿನ ಮರ. ಬ್ರೆಜಿಲಿನ ರೋಸ್‌ವುಡ್ ಎಂದರೆ ಬೆಲೆ ಗಗನಕ್ಕೇರುತ್ತದೆ. 1960ರ ದಶಕದ ಕೊನೆಯ ಹೊತ್ತಿಗೆ ಅದರ ದಿಮ್ಮಿಗಳ ರಫ್ತಿಗೆ ತಡೆ ಬಿದ್ದಾಗ ಜಗತ್ತಿನ ಗಿಟಾರ್ ತಯಾರಕರು ತಿರುಗಿದ್ದು ನಮ್ಮ ಪಶ್ಚಿಮಘಟ್ಟದ ಕಡೆಯ ಬೀಟೆ ಮರದತ್ತ. ಮಲೆನಾಡಿನ ಮನೆಗಳ ಕುರ್ಚಿ ಮಂಚಗಳ ಮರವೇ ಸ್ಪೇನಿನ, ಜಪಾನಿನ ಗಿಟಾರುಗಳ ಬೆನ್ನಾಯಿತು. ನಾದದಲ್ಲಿ ಎಷ್ಟು ವ್ಯತ್ಯಾಸ? ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು, ಬೆನ್ನು ಮತ್ತು ಪಕ್ಕದ ಮರ ಬಿಟ್ಟು ಉಳಿದುದೆಲ್ಲ ಒಂದೇ ಬಗೆಯಲ್ಲಿರುವ ಆರು ಗಿಟಾರುಗಳನ್ನು ಮಾಡಿಸಿ, ಯಾವುದೆಂದು ಕಾಣದ ಹಾಗೆ ವಾದಕರ ಕೈಗೆ ಕೊಟ್ಟರು. ಫಲಿತಾಂಶ 2018ರಲ್ಲಿ ಪ್ರಕಟವಾಯಿತು: ದುಬಾರಿ ಮರಕ್ಕೂ ಅಗ್ಗದ ಮರಕ್ಕೂ ವಾದಕರು ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಅವು ಉಕ್ಕಿನ ತಂತಿಯ ಗಿಟಾರುಗಳು, ನಿಜ. ಆದರೂ ರಟ್ಟಿನ ಗಿಟಾರ್ ಮಾಡಿದ ತೊರ್ರೆಸ್ ಕೇಳಿದ್ದರೆ ಆಶ್ಚರ್ಯಪಡುತ್ತಿರಲಿಲ್ಲ. ಬ್ರೆಜಿಲ್ ಮರಕ್ಕೆ ಇನ್ನೊಂದು ತೊಡಕೂ ಇದೆ. 1992ರಿಂದ ಅದು, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ. ಸರಿಯಾದ ಕಾಗದಪತ್ರವಿಲ್ಲದೆ ಗಡಿ ದಾಟಿಸಿದರೆ ವಾದ್ಯವನ್ನೇ ಕಳೆದುಕೊಳ್ಳಬೇಕಾದೀತು. ವಿದೇಶದಲ್ಲಿ ಕೊಂಡು ಊರಿಗೆ ತರುವವರು ಇದನ್ನು ಮೊದಲೇ ವಿಚಾರಿಸಬೇಕು.

ಚೀಟಿಯನ್ನೂ ಪೂರ್ತಿ ನಂಬುವ ಹಾಗಿಲ್ಲ. ಸೆಗೋವಿಯಾರ 1912ರ ಗಿಟಾರಿನ ಚೀಟಿಯಲ್ಲಿರುವುದು ಮಾನುಯೆಲ್ ರಮಿರೆಸ್ ಹೆಸರು. ಮಾಡಿದವರು ಅದೇ ಕಾರ್ಖಾನೆಯ ಕುಶಲಕರ್ಮಿ ಸಾಂತೋಸ್ ಎರ್ನಾಂದೆಸ್ ಎನ್ನುತ್ತಾರೆ. ದೊಡ್ಡ ಹೆಸರಿನ ಹಿಂದೆ ಹೋಗದ ಕಲಿಯುವವರಿಗೆ ನಾನು ಹೇಳುವುದು 1960, 70ರ ದಶಕಗಳ ಜಪಾನಿನ ಗಿಟಾರುಗಳನ್ನು ನೋಡಿ ಎಂದು. ಮಸಾರು ಕೋನೊ ಅಂಥವರು ಸ್ಪೇನಿಗೆ ಹೋಗಿ ಕಲಿತು ಬಂದು ಕಟ್ಟಿದ ಪರಂಪರೆ ಅದು. ಆದರೆ ಅಲ್ಲಿಂದ ಪ್ಲೈವುಡ್ಡಿನವೂ ರಾಶಿರಾಶಿ ಬಂದಿವೆ. ನಾದರಂಧ್ರದ ಅಂಚನ್ನು ನೋಡಿ: ಮೇಲಿನ ಎಳೆಗಳು ಹಲಗೆಯ ದಪ್ಪದೊಳಗೂ ಮುಂದುವರಿದಿದ್ದರೆ ಇಡೀ ಮರ, ಪದರ ಕಂಡರೆ ಪ್ಲೈವುಡ್.

ಮನೆಗೆ ತಂದ ಮೇಲೆ ಹವೆ ಮುಖ್ಯ. ಗಾಳಿಯ ತೇವಾಂಶ ಶೇಕಡಾ 45ರಿಂದ 55ರ ಆಸುಪಾಸಿನಲ್ಲಿದ್ದರೆ ಮರ ನೆಮ್ಮದಿಯಾಗಿರುತ್ತದೆ. ಮಂಗಳೂರಿನ ಆಷಾಢದಲ್ಲಿ ಹಲಗೆ ಊದಿ ತಂತಿ ಮೇಲೇಳುತ್ತದೆ, ನಾದ ಮಂಕಾಗುತ್ತದೆ. ಕಲಬುರಗಿಯ ಏಪ್ರಿಲ್, ಹೀಟರ್ ಉರಿಯುವ ಶಿಕಾಗೋದ ಜನವರಿ ಅದಕ್ಕಿಂತ ಅಪಾಯ: ಒಣಗಿದ ಹಲಗೆ ಸೀಳುತ್ತದೆ. ಗಟ್ಟಿ ಪೆಟ್ಟಿಗೆ, ಅದರೊಳಗೊಂದು ತೇವಮಾಪಕ ಇದ್ದರೆ ಸಾಕು. ಹೊಳಪು ಅರಗಿನದಾಗಿದ್ದರೆ ಸ್ಪಿರಿಟ್, ಸ್ಯಾನಿಟೈಸರ್ ಹತ್ತಿರ ಸುಳಿಯಬಾರದು. ಚನ್ನಪಟ್ಟಣದ ಬೊಂಬೆಗೆ ಬಣ್ಣದ ಮೆರುಗು ಕೊಡುವುದೂ ಅರಗೇ, ಆಲ್ಕೊಹಾಲಿಗೆ ಅದು ಕರಗಿಬಿಡುತ್ತದೆ.

ಹೊಸ ತಂತಿ ಹಾಕದೆ ಹಳೆಯ ಗಿಟಾರಿನ ನಾದದ ಬಗ್ಗೆ ತೀರ್ಪು ಕೊಡಬೇಡಿ. ನೈಲಾನ್ ಕೆಲವು ದಿನ ಹಿಗ್ಗುತ್ತಲೇ ಇರುತ್ತದೆ, ಶ್ರುತಿ ಇಳಿಯುತ್ತಲೇ ಇರುತ್ತದೆ. ಎರಡನೆಯ ಮಹಾಯುದ್ಧಕ್ಕೂ ಮುಂಚಿನ ವಾದ್ಯವಾದರೆ ಅದು ಕರುಳಿನ ತಂತಿಗೆಂದು ಕಟ್ಟಿದ್ದು. ಕಡಿಮೆ ಬಿಗುವಿನ ತಂತಿಯೇ ಅದಕ್ಕೆ ಸರಿ. 1960ರ ದಶಕದ ನಂತರದ ಹಲವು ರಮಿರೆಸ್ ಗಿಟಾರುಗಳಲ್ಲಿ ತಂತಿಯ ಉದ್ದ 650ರ ಬದಲು 664 ಮಿಲಿಮೀಟರ್. ಮೊದಲ ನಾಲ್ಕು ಫ್ರೆಟ್ಟುಗಳ ಹರವಿನಲ್ಲಿ ಇದು ಸುಮಾರು 3 ಮಿಲಿಮೀಟರ್ ಹೆಚ್ಚುತ್ತದೆ. ಸಣ್ಣ ಕೈಯವರಿಗೆ ಅಷ್ಟೇ ಸಾಕು, ಸಂಜೆಯ ಹೊತ್ತಿಗೆ ಮಣಿಕಟ್ಟು ನೋಯಲು.

ಪ್ರತಿ ಹಳೆಯ ಗಿಟಾರಿನಲ್ಲೂ ಒಂದೆರಡು ಹಟಮಾರಿ ಸ್ವರಗಳಿರುತ್ತವೆ. ಒಡಲಿನೊಳಗಿನ ಗಾಳಿ ತಾನಾಗಿ ಕಂಪಿಸುವ ಸ್ವರ ಬಂದಾಗ ದನಿ ಧಿಂ ಎಂದು ಎದ್ದು ಬೇಗ ಸತ್ತುಹೋಗುತ್ತದೆ. ಇದನ್ನು ರಿಪೇರಿಯವರ ಬಳಿ ಒಯ್ಯುವ ಮುಂಚೆ ನುಡಿಸುವ ಜಾಗ ಬದಲಿಸಿ ನೋಡಿ. ಗಿಟಾರಿನಲ್ಲಿ ಒಂದೇ ಸ್ವರಕ್ಕೆ ಹಲವು ಮನೆಗಳಿವೆ: ಬಿಟ್ಟ ಒಂದನೆಯ ತಂತಿಯ ಸ್ವರ ಎರಡನೆಯದರ ಐದನೇ ಫ್ರೆಟ್ಟಿನಲ್ಲಿಯೂ ಮೂರನೆಯದರ ಒಂಬತ್ತರಲ್ಲಿಯೂ ಸಿಗುತ್ತದೆ. ಅಚ್ಚಾದ ಪುಸ್ತಕಗಳಲ್ಲಿ ಬೆರಳಿನ ಗುರುತು ಹಾಕಿದವರು ತಮ್ಮ ಕೈಯಲ್ಲಿದ್ದ ಗಿಟಾರನ್ನು ಕೇಳಿ ಹಾಕಿದ್ದಾರೆ. ನಿಮ್ಮದರಲ್ಲಿ ಆ ಸ್ವರ ಯಾವ ತಂತಿಯಲ್ಲಿ ಚೆನ್ನಾಗಿ ನಿಲ್ಲುತ್ತದೋ ಅಲ್ಲಿ ಹೊಸ ಗುರುತು ಬರೆದುಕೊಳ್ಳಿ, ಪೆನ್ಸಿಲ್ಲಿನಲ್ಲಿ.