ಗಾಯ ಮಾಗಿದ ಮೇಲೂ ಓಟ ಕುಂದುವುದೇಕೆ?

ಪ್ರಶ್ನೆ: ಅಮೆರಿಕದ ಫುಟ್‌ಬಾಲಿನಲ್ಲಿ ರನ್ನಿಂಗ್ ಬ್ಯಾಕ್ ಎನಿಸಿದ ಆಟಗಾರನು ಮೊಣಕಾಲಿನ ಗಾಯ ವಾಸಿಯಾದ ಮೇಲೂ ಮೊದಲಿನಂತೆ ಓಡಲಾರದೆ ಹೋಗುವುದೇಕೆ?

ಉತ್ತರ: ಚೆಂಡನ್ನು ಅವುಚಿಕೊಂಡು, ಅಡ್ಡಗಟ್ಟುವ ಎದುರಾಳಿಗಳ ನಡುವೆ ನುಸುಳಿ ಓಡಬೇಕಾದ ಈ ಆಟಗಾರನ ಬಲವು ಕೇವಲ ವೇಗದಲ್ಲಿಲ್ಲ, ಪೂರ್ಣವೇಗದಲ್ಲಿರುವಾಗಲೇ ಪಾದವನ್ನು ನೆಲಕ್ಕೂರಿ ಥಟ್ಟನೆ ದಿಕ್ಕು ಬದಲಿಸುವ ಸಾಮರ್ಥ್ಯದಲ್ಲಿದೆ. ಆ ಕ್ಷಣದಲ್ಲಿ ಮೊಣಕಾಲನ್ನು ಸ್ಥಿರವಾಗಿ ಹಿಡಿದಿಡತಕ್ಕ ಅಸ್ಥಿಬಂಧಗಳು ಒಮ್ಮೆ ಹರಿದುವಾದರೆ, ಶಸ್ತ್ರಚಿಕಿತ್ಸೆಯಿಂದ ಅವು ಕೂಡಿಕೊಂಡರೂ, ಕ್ಷೀಣಿಸಿದ ಸ್ನಾಯುಗಳ ಶಕ್ತಿಯಾಗಲಿ, ಕೀಲಿನ ಸೂಕ್ಷ್ಮವಾದ ಸ್ಥಿತಿಜ್ಞಾನವಾಗಲಿ ಒಡನೆಯೇ ಮರಳಲಾರವು.

ಷಿಕಾಗೋ ಬೇರ್ಸ್ ತಂಡದ ಗೇಲ್ ಸೇಯರ್ಸ್ ಇದಕ್ಕೆ ಉಜ್ಜ್ವಲವೂ ದುಃಖಕರವೂ ಆದ ನಿದರ್ಶನ. 1965ರಲ್ಲಿ, ತನ್ನ ಮೊದಲ ವರ್ಷದಲ್ಲಿಯೇ, 22 ಟಚ್‌ಡೌನ್‌ಗಳನ್ನು (ಎದುರಾಳಿಯ ಗಡಿಗೆರೆಯಾಚೆ ಚೆಂಡನ್ನೊಯ್ದು ಅಂಕ ಪಡೆಯುವ ಸಾಧನೆ) ಗಳಿಸಿದ ಆತನ ಬಲಮೊಣಕಾಲಿನ ಅಸ್ಥಿಬಂಧಗಳು 1968ರ ನವೆಂಬರಿನಲ್ಲಿ ಹರಿದುವು. ಸಹ ಆಟಗಾರ ಬ್ರಯಾನ್ ಪಿಕೊಲೊನ ಒತ್ತಾಸೆಯಿಂದ ಕಠಿನ ವ್ಯಾಯಾಮವನ್ನು ಕೈಕೊಂಡು, ಮರುವರ್ಷ ಚೆಂಡಿನೊಡನೆ 1,032 ಗಜ ಓಡಿ ರಾಷ್ಟ್ರೀಯ ಫುಟ್‌ಬಾಲ್ ಲೀಗಿನಲ್ಲಿ ಅಗ್ರಸ್ಥಾನ ಪಡೆದನಾದರೂ, ಹಿಂದಿನ ಮಿಂಚಿನ ವೇಗ ಕುಂದಿತ್ತು. ಪಡೆದ ಗಜಗಳು ಬಹುಮಟ್ಟಿಗೆ ಛಲದಿಂದ ಗಳಿಸಿದವು. 1970ರಲ್ಲಿ ಎಡಮೊಣಕಾಲಿಗೂ ಪೆಟ್ಟಾಗಲು, 1972ರಲ್ಲಿ ಆತನು ನಿವೃತ್ತನಾದನು.

ಆದುದರಿಂದ, ಗಾಯದಿಂದ ಮರಳಿದವನು ತಡವರಿಸಿದಾಗ ಅದನ್ನು ಸಂಕಲ್ಪದ ದೌರ್ಬಲ್ಯವೆಂದೆಣಿಸದೆ, ಅವನಿಗೆ ಕಾಲಾವಕಾಶವನ್ನೀಯುವುದೇ ಅಭಿಮಾನಿಗಳಿಗೆ ಉಚಿತವಾದ ಧರ್ಮ.