ಕಮೋಡ್ ಕೂರಿಸುವ ಮೊದಲು ಪೈಪಿನ ದಾರಿ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಹಳೆಯ ಮುರಕಲ್ಲಿನ ಮನೆಯ ಬಚ್ಚಲು ಒಡೆದು ಹೊಸದು ಮಾಡಿಸುವಾಗ ಎಲ್ಲರ ಕಣ್ಣು ಟೈಲ್ಸ್ ಮೇಲೆ. ನಿಜವಾದ ತೀರ್ಮಾನ ಇರುವುದು ಕಮೋಡ್ ಎಲ್ಲಿ ಕೂರುತ್ತದೆ ಎಂಬುದರಲ್ಲಿ.

ಶೌಚದ ಗುಂಡಿ ಯಾವ ಬದಿಗಿದೆಯೋ ಆ ಬದಿಯ ಹೊರಗೋಡೆಗೆ ಕಮೋಡ್ ಹತ್ತಿರವಿದ್ದಷ್ಟೂ ಪೈಪು ಗಿಡ್ಡ, ತಿರುವು ಕಡಿಮೆ. ಪೈಪು 110 ಮಿಲಿಮೀಟರಿನದು, ಅಂದರೆ ನಾಲ್ಕಿಂಚು. ವಾಟ, ಅಂದರೆ ಇಳಿಜಾರು, ಮೀಟರಿಗೆ ಎರಡರಿಂದ ಎರಡೂವರೆ ಸೆಂಟಿಮೀಟರ್ ಸಿಗಲಿ; ಇಲ್ಲವಾದರೆ ಮಲ ನಡುದಾರಿಯಲ್ಲೇ ನಿಲ್ಲುತ್ತದೆ. ತಿರುವು ಬೇಕೇ ಬೇಕೆಂದರೆ 90 ಡಿಗ್ರಿಯ ಒಂದು ಎಲ್ಬೋ ಬದಲು 45 ಡಿಗ್ರಿಯ ಎರಡು ಬೆಂಡ್ ಒಳ್ಳೆಯದು.

ಕಮೋಡಿನ ಹೊರದಾರಿ ಎರಡು ಬಗೆ: ಎಸ್ ಟ್ರ್ಯಾಪ್ ನೆಲಕ್ಕೆ ಇಳಿಯುತ್ತದೆ, ಪಿ ಟ್ರ್ಯಾಪ್ ಗೋಡೆಯೊಳಗೆ ಹೋಗುತ್ತದೆ. ಎಸ್ ಟ್ರ್ಯಾಪಿನ ಅಳತೆ ಸಾಮಾನ್ಯವಾಗಿ 9 ಅಥವಾ 12 ಇಂಚು. ಅದನ್ನು ಟೈಲ್ಸ್ ಅಂಟಿಸಿ ಮುಗಿದ ಗೋಡೆಯಿಂದ ಪೈಪಿನ ನಡುವಿಗೆ ಹಿಡಿಯಬೇಕು. ಗಾರೆ ಮಾಡದ ಗೋಡೆಯಿಂದ ಅಳೆದರೆ ಒಂದಿಂಚಿಗೂ ಹೆಚ್ಚು ತಪ್ಪಬಹುದು. ಆಮೇಲೆ ಕಮೋಡ್ ಕೂರುವುದಿಲ್ಲ, ಹೊಸ ನೆಲ ಮತ್ತೆ ಒಡೆಯಬೇಕು!

ಇನ್ನು ಕರಾವಳಿಯ ಮಳೆ.

ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಸುರಿಯುವ ಊರಿದು. ಮಳೆಗಾಲದ ಆಟಿ ತಿಂಗಳಲ್ಲಿ ಬಾವಿಯ ನೀರು ಮೇಲೆ ಬಂದ ಹಾಗೆ ತಗ್ಗಿನ ಜಾಗದ ಇಂಗುಗುಂಡಿಯಲ್ಲೂ ನೀರು ಏರುತ್ತದೆ, ಫ್ಲಶ್ ಇಳಿಯುವುದಿಲ್ಲ. ಹಾಗಾಗಿ ಬಚ್ಚಲಿನ ನೆಲವನ್ನು ಸಾಧ್ಯವಾದಷ್ಟು ಎತ್ತರಿಸಿಕೊಳ್ಳಬೇಕು. ನೆಲದಡಿಯ ಮುರಕಲ್ಲಿನಲ್ಲೂ ರಂಧ್ರಗಳೇ ಹೆಚ್ಚು, ಗುಂಡಿಯ ನೀರು ಬಲುಬೇಗ ಬಾವಿಗೆ ಸೇರಬಹುದು. ಪೈಪು ಗಿಡ್ಡವಾಗಲೆಂದು ಬಾವಿಯ ಬದಿಗೆ ಹೊಸ ಗುಂಡಿ ತೋಡುವುದು ಬೇಡವೇ ಬೇಡ. ಕೊನೆಗೆ ಗುಂಡಿಯ ಗಾಳಿ ಪೈಪನ್ನು ಮಾಡಿನಿಂದ ಮೇಲಕ್ಕೆ ಒಯ್ದು, ಬಾಯಿಗೆ ಸೊಳ್ಳೆ ಬಲೆ ಕಟ್ಟಿದರೆ ಬಚ್ಚಲಿನ ಕೆಲಸ ಪೂರ್ತಿಯಾಯಿತು.